ನಡುವಿನ ಸಾಲು ಖಾಲಿಯಾದ ಡೋಜೊ: ಯುದ್ಧಕಾಲದ ಶೊಟೋಕಾನ್, ಒಂದು ಪ್ರಕರಣ ಅಧ್ಯಯನ

ಕರಾಟೆ ಕ್ಲಾಸಿಗೆ ಸೇರಿದ ಮಗುವಿಗೆ ಅನೇಕ ಕಡೆ ಮೊದಲು ಹೇಳಿಕೊಡುವ ಕಟಾ, ಅಂದರೆ ಒಬ್ಬರೇ ಮಾಡುವ ಗೊತ್ತುಮಾಡಿದ ಚಲನೆಗಳ ಸರಣಿ, ತೈಕ್ಯೋಕು ಶೋದಾನ್. ಎಡಕ್ಕೆ ತಿರುಗಿ ಕೆಳಗೆ ತಡೆ, ಬಲಗಾಲು ಮುಂದಿಟ್ಟು ಗುದ್ದು. ಹಿಂದಕ್ಕೆ ತಿರುಗಿ ಮತ್ತೆ ತಡೆ, ಮತ್ತೆ ಗುದ್ದು. ಆಮೇಲೆ ನಡುಗೆರೆಗೆ ಬಂದು ತಡೆ, ಸಾಲಾಗಿ ಮೂರು ಗುದ್ದು, ಮೂರನೆಯದಕ್ಕೆ ಹೊಟ್ಟೆಯಿಂದ ಕೂಗು. ಒಟ್ಟು 20 ಚಲನೆ. ನಿಲುವು ಒಂದೇ, ತಡೆ ಒಂದೇ, ಗುದ್ದೂ ಒಂದೇ. ಏಳು ವರ್ಷದ ಮಗು ಎರಡು ಮೂರು ಸಂಜೆಯಲ್ಲಿ ಇದನ್ನು ಕಲಿತು ಮನೆಗೆ ಹೋಗಿ ಅಜ್ಜಿಯ ಮುಂದೆ ಮಾಡಿ ತೋರಿಸುತ್ತದೆ.

ವರ್ಷಗಟ್ಟಲೆ ಇದನ್ನು ಕಲಿಸುತ್ತಾ ಬಂದ ನನಗೆ ಒಂದು ಪ್ರಶ್ನೆ ಹೊಳೆದದ್ದು ತಡವಾಗಿ. ಇಷ್ಟು ಸಲೀಸಾದ ಕಟಾ ಯಾರಿಗಾಗಿ ಹುಟ್ಟಿತು? ಕರಾಟೆಯ ತವರಾದ ಹಳೆಯ ಒಕಿನಾವಾ ದ್ವೀಪದಲ್ಲಿ ಇದು ಇರಲಿಲ್ಲ. ಟೋಕಿಯೋದಲ್ಲಿ ಕರಾಟೆ ಕಲಿಸಿದ ಒಕಿನಾವಾದ ಗುರು ಗಿಚಿನ್ ಫುನಕೋಶಿ 1943ರಲ್ಲಿ ಹೊರತಂದ, ಹೊಸಬರಿಗೆಂದೇ ಬರೆದ ಪುಸ್ತಕದಲ್ಲಿ ಇದರ ವಿವರಣೆ ಇದೆ. 1943 ಅಂದರೆ ಜಪಾನು ಚೀನಾದಲ್ಲೂ ಪೆಸಿಫಿಕ್ ಸಾಗರದಲ್ಲೂ ಯುದ್ಧದಲ್ಲಿ ಮುಳುಗಿದ್ದ ವರ್ಷ. ನಮ್ಮ ಮಕ್ಕಳು ನಿಂತು ಗುದ್ದುವ ಆ 20 ಚಲನೆಗಳ ಹಿಂದೆ ಟೋಕಿಯೋದ ಶೊಟೋಕಾನ್ ಎಂಬ ಒಂದು ಡೋಜೊ, ಅಂದರೆ ಕರಾಟೆ ಕಲಿಯುವ ಮನೆ, ಇದೆ. ಅಲ್ಲಿ 1937ರಿಂದ 1949ರವರೆಗೆ ಕಲಿಕೆಗೂ ದರ್ಜೆಗೂ ಏನೇನಾಯಿತು ಎಂಬುದೇ ಈ ಪ್ರಕರಣ.

ಯುದ್ಧಕ್ಕೆ ಮೊದಲು ಕಲಿಕೆಯ ವೇಗ

ಫುನಕೋಶಿ ಹುಟ್ಟಿದ್ದು 1868ರಲ್ಲಿ, ಒಕಿನಾವಾದ ಶುರಿಯಲ್ಲಿ. ವೃತ್ತಿಯಿಂದ ಶಾಲಾ ಮೇಷ್ಟ್ರು. ರಾತ್ರಿ ಹೊತ್ತು ಲಾಂದ್ರ ಹಿಡಿದು ಗುರು ಅಂಕೊ ಅಜಾತೊ ಅವರ ಮನೆಗೆ ನಡೆದು ಹೋಗುತ್ತಿದ್ದರು. ಅಂಗಳದಲ್ಲಿ ಒಂದೇ ಕಟಾ. ಗುರು ಜಗಲಿಯಲ್ಲಿ ಕೂತು ನೋಡುತ್ತಿದ್ದರು, "ಇನ್ನೊಮ್ಮೆ" ಎನ್ನುತ್ತಿದ್ದರು. ಒಂದು ಕಟಾ ಪೂರಾ ಕೈಗೂಡುವ ತನಕ ಮುಂದಿನದರ ಮಾತಿಲ್ಲ. ತೆಕ್ಕಿ ಎಂಬ ಮೂರು ಕಟಾಗಳ ಮೇಲೆ ತಾವು ಹತ್ತು ವರ್ಷ ಕಳೆದೆವೆಂದು ಅವರೇ ಬರೆದುಕೊಂಡಿದ್ದಾರೆ. ಹತ್ತು ವರ್ಷಕ್ಕೆ ಮೂರು ಕಟಾ! ಬೆಲ್ಟೂ ಇಲ್ಲ, ಪರೀಕ್ಷೆಯೂ ಇಲ್ಲ. ನಮ್ಮ ಹಳೆಯ ಗರಡಿ ಮನೆಗಳಲ್ಲಿ ಮಣ್ಣು ಹದ ಮಾಡಿ, ದಂಡ ಬೈಠಕ್ ಹೊಡೆದು ಹೊಡೆದೇ ವರ್ಷಗಳು ಕಳೆಯುತ್ತಿದ್ದವಲ್ಲ, ಹಾಗೆ.

1922ರಲ್ಲಿ ಅವರು ಒಂದು ಪ್ರದರ್ಶನಕ್ಕೆಂದು ಟೋಕಿಯೋಗೆ ಬಂದು ಅಲ್ಲೇ ಉಳಿದರು. ಒಕಿನಾವಾ ಹುಡುಗರ ವಿದ್ಯಾರ್ಥಿ ನಿಲಯದಲ್ಲಿ ಕಾವಲು ಕಾದು, ಅಂಗಳ ಗುಡಿಸಿ, ಹೊತ್ತು ಸಿಕ್ಕಾಗ ಕಲಿಸಿದರು. ಆಗ ಅವರಿಗೆ 53 ವರ್ಷ. ಬಣ್ಣದ ಪಟ್ಟಿ, ದಾನ್ ದರ್ಜೆ (ಕಪ್ಪು ಪಟ್ಟಿಯವರ ಮೆಟ್ಟಿಲುಗಳು) ಎಲ್ಲ ಜೂಡೋದಿಂದ ಬಂದ ಪದ್ಧತಿ. 1924ರಲ್ಲಿ ಫುನಕೋಶಿ ಮೊದಲ ಬಾರಿಗೆ ತಮ್ಮ ಶಿಷ್ಯರಿಗೆ ಕಪ್ಪು ಪಟ್ಟಿ ಕೊಟ್ಟರು. ಅದೇ ವರ್ಷ ಕೇಯೋ ವಿಶ್ವವಿದ್ಯಾಲಯದಲ್ಲಿ ಕರಾಟೆ ಕ್ಲಬ್ಬು ಶುರುವಾಯಿತು. ಆಮೇಲೆ ವಾಸೆದಾ, ತಾಕುಶೋಕು, ಹೋಸೆಯಂಥ ವಿಶ್ವವಿದ್ಯಾಲಯಗಳಲ್ಲೂ ಬೇರು ಬಿಟ್ಟಿತು.

ಮುಂದೆ ಆದದ್ದಕ್ಕೆಲ್ಲ ಮೂಲ ಇಲ್ಲೇ ಇದೆ. ಟೋಕಿಯೋದಲ್ಲಿ ಕರಾಟೆ ಬೆಳೆದದ್ದು ಕಾಲೇಜು ಹುಡುಗರ ನಡುವೆ. ವಯಸ್ಸಾದ ಗುರು ವಾರಕ್ಕೊಮ್ಮೆ ಬರುವರು, ದಿನದಿನದ ಪಾಠ ಹೇಳುವವರು ಹಿರಿಯ ವಿದ್ಯಾರ್ಥಿಗಳು. ಮೊದಲ ವರ್ಷದವನ ಮೊಣಕಾಲು ಸರಿಯಾಗಿ ಬಾಗಿದೆಯೇ, ಹಿಮ್ಮಡಿ ಎದ್ದಿದೆಯೇ ಎಂದು ನೋಡುವವನು ಮೂರನೇ ವರ್ಷದವನು. ಅವನನ್ನು ನೋಡುವವನು ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ, ಸಂಜೆ ಬಂದು ಹೋಗುವ ಹಳೆಯ ವಿದ್ಯಾರ್ಥಿ. ಈ ನಡುವಿನ ಸಾಲೇ ಕಲೆಯನ್ನು ಹೊತ್ತು ನಡೆಸುತ್ತಿತ್ತು.

1930ರ ದಶಕದ ಉತ್ತರಾರ್ಧದಲ್ಲಿ ಶಿಷ್ಯರು, ಅಭಿಮಾನಿಗಳು ದೇಶದ ನಾನಾ ಕಡೆಯಿಂದ ಹಣ ಕೂಡಿಸಿ ಟೋಕಿಯೋದ ಜೋಶಿಗಾಯಾದಲ್ಲಿ ಒಂದು ಡೋಜೊ ಕಟ್ಟಿಸಿದರು. ಫುನಕೋಶಿ ಕವಿತೆಗೆ ಇಟ್ಟುಕೊಂಡ ಅಂಕಿತ ಶೊಟೊ, ಅಂದರೆ ಪೈನ್ ಮರಗಳಲ್ಲಿ ಗಾಳಿ ಎಬ್ಬಿಸುವ ಅಲೆ. ಆ ಹೆಸರಿನ ಮನೆ ಶೊಟೋಕಾನ್. ಎಪ್ಪತ್ತರ ಹತ್ತಿರದಲ್ಲಿದ್ದ ಮೇಷ್ಟ್ರಿಗೆ ಅಂತೂ ಒಂದು ಸ್ವಂತ ಸೂರು ಸಿಕ್ಕಿತು.

ತುಂಬಿ ತುಳುಕಿದ ವರ್ಷಗಳು

ಜುಲೈ 1937ರಲ್ಲಿ ಚೀನಾದ ಮೇಲೆ ಪೂರ್ಣ ಯುದ್ಧ ಶುರುವಾಯಿತು. ಯುದ್ಧ ಬಂದರೆ ಡೋಜೊ ಖಾಲಿಯಾಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಮೊದಲು ಆದದ್ದು ತದ್ವಿರುದ್ಧ. ಸೈನ್ಯಕ್ಕೆ ಹೋಗಬೇಕಾದ ಹುಡುಗರು ಹೋಗುವ ಮುಂಚೆ ಏನಾದರೂ ಕಲಿಯೋಣ ಎಂದು ಬಂದರು. ಒಳಗೆ ಜಾಗ ಸಾಲದೆ ಅಭ್ಯಾಸ ಹೊರಗಿನ ಅಂಗಳಕ್ಕೆ ಹರಿಯಿತು.

ಅದೇ ಸುಮಾರಿಗೆ ಹೆಸರುಗಳೂ ಬದಲಾಗಿದ್ದವು. 'ಕರಾಟೆ' ಎಂದು ಬರೆಯುವಾಗ ಮೊದಲ ಅಕ್ಷರಕ್ಕೆ ಚೀನಾ ಎಂಬ ಅರ್ಥವಿತ್ತು. ಅದೇ ಉಚ್ಚಾರದ 'ಬರಿ' ಎಂಬ ಅರ್ಥದ ಅಕ್ಷರ ಅಲ್ಲಿಗೆ ಬಂತು. ಚೀನಾ ಕೈ ಹೋಗಿ ಬರಿಗೈ ಆಯಿತು. ಫುನಕೋಶಿ ಇದಕ್ಕೆ ತಾತ್ವಿಕ ಕಾರಣ ಕೊಟ್ಟರು, ಅದು ಪ್ರಾಮಾಣಿಕವಾದ ಕಾರಣವೇ. ಆದರೂ ಚೀನಾ ಎಂಬ ಪದ ಹೊತ್ತ ಕಲೆ ಆ ಕಾಲದ ಜಪಾನಿನಲ್ಲಿ ಮನ್ನಣೆ ಪಡೆಯುವುದು ಕಷ್ಟವಿತ್ತು. ಸಮರ ಕಲೆಗಳ ಮೇಲ್ವಿಚಾರಣೆಗೆ 1895ರಲ್ಲಿ ಕ್ಯೋಟೋದಲ್ಲಿ ಹುಟ್ಟಿದ ಬುತೊಕುಕಾಯ್ ಸಂಸ್ಥೆಯ ಒಪ್ಪಿಗೆ ಬೇಕಿತ್ತು, ಅದು ಕರಾಟೆಯನ್ನು ಸೇರಿಸಿಕೊಂಡದ್ದೂ ಜೂಡೋ ವಿಭಾಗದ ಅಡಿಯಲ್ಲಿ. 1942ರಲ್ಲಿ ಆ ಸಂಸ್ಥೆಯೇ ಸರ್ಕಾರದ ಹಿಡಿತಕ್ಕೆ ಹೋಯಿತು. "ಕರಾಟೆಯಲ್ಲಿ ಮೊದಲ ಏಟು ಇಲ್ಲ" ಎಂಬ ಮಾತನ್ನು ಬೋಧಿಸುತ್ತಿದ್ದ ಮೇಷ್ಟ್ರು, ಮೊದಲ ಏಟು ಹೊಡೆಯಲು ಹೊರಟ ದೇಶದ ಹುಡುಗರಿಗೆ ಕಲಿಸುತ್ತಿದ್ದರು. ಈ ಸಂಕಟ ಅವರಿಗೆ ಎಷ್ಟು ತಾಗಿತು ಎಂಬುದು ಅವರ ಬರಹದಲ್ಲಿ ಬಿಚ್ಚಿಟ್ಟಿಲ್ಲ. ನನಗೆ ಓದುವಾಗಲೆಲ್ಲ ತಾಗುತ್ತದೆ.

ಡೋಜೊದಲ್ಲಿ ನಿಜವಾಗಿ ಪಾಠ ನಡೆಸುತ್ತಿದ್ದವರು ಫುನಕೋಶಿಯ ಮೂರನೇ ಮಗ ಯೋಶಿತಾಕಾ. ಶಿಷ್ಯರ ಬಾಯಲ್ಲಿ ಗಿಗೊ. 1906ರಲ್ಲಿ ಹುಟ್ಟಿದವರು, ಚಿಕ್ಕಂದಿನಲ್ಲೇ ಕ್ಷಯ ಅಂಟಿತ್ತು, ಎಕ್ಸ್‌ರೇ ತಂತ್ರಜ್ಞರಾಗಿ ಕೆಲಸ ಮಾಡುತ್ತಿದ್ದರು. ಅಪ್ಪನ ಕರಾಟೆ ಎತ್ತರದ ನಿಲುವಿನದು, ಹಗುರ ಹೆಜ್ಜೆಯ ಕರಾಟೆ. ಮಗ ನಿಲುವನ್ನು ನೆಲದ ಕಡೆಗೆ ಇಳಿಸಿದರು, ಹೆಜ್ಜೆ ಉದ್ದ ಮಾಡಿದರು, ಪಕ್ಕಕ್ಕೆ ಒದೆಯುವುದು, ಸುತ್ತಿ ಒದೆಯುವುದು ಇವಕ್ಕೆಲ್ಲ ಜಾಗ ಕೊಟ್ಟರು. ಎದುರಾಳಿಯ ಒಳಕ್ಕೆ ನುಗ್ಗಿ ಒಂದೇ ಏಟಿಗೆ ಮುಗಿಸುವ ಹಠ ಅದರಲ್ಲಿತ್ತು. ಇದನ್ನು ಯುದ್ಧದ ಬಿಸಿ ಎಂದು ಹೇಳುವವರಿದ್ದಾರೆ. ನಾನು ಅರ್ಧ ಒಪ್ಪುತ್ತೇನೆ. ಉಳಿದರ್ಧ, ಶ್ವಾಸಕೋಶ ಕೈಕೊಡುತ್ತಿದೆ ಎಂದು ಗೊತ್ತಿದ್ದ ಒಬ್ಬ ಮನುಷ್ಯನ ಅವಸರ ಎಂದು ನನ್ನ ಓದು.

ತೈಕ್ಯೋಕು ಬಳಕೆಗೆ ಬಂದದ್ದು ಈ ಹೊತ್ತಿನಲ್ಲಿ. ಅದರ ಜೊತೆಗೆ ತೆನ್ ನೊ ಕಟಾ ಎಂಬ ಇನ್ನೊಂದು ಪಾಠ: ಮೊದಲು ಒಬ್ಬರೇ, ಆಮೇಲೆ ಇಬ್ಬರು ಎದುರುಬದುರು ನಿಂತು, ಒಂದು ದಾಳಿ, ಒಂದು ತಡೆ, ಒಂದು ಮರುಏಟು. ಎರಡಕ್ಕೂ ಯುದ್ಧವೇ ಕಾರಣ ಎಂದು ಯಾರೂ ಬರೆದಿಟ್ಟಿಲ್ಲ. ಹೊಸಬರಿಗೆ ಸುಲಭವಾಗಲಿ ಎಂದಷ್ಟೇ ಇದೆ. ಆದರೆ ಕಲಿಸುವವನ ಕಣ್ಣಿನಿಂದ ನೋಡಿ. ಎದುರಿಗೆ ನಿಂತವನು ಇನ್ನೆರಡು ತಿಂಗಳಿಗೆ ಮಂಚೂರಿಯಾಕ್ಕೋ ಬರ್ಮಾಕ್ಕೋ ಹೊರಡುವವನು. ತೆಕ್ಕಿಗೆ ಹತ್ತು ವರ್ಷ ಅವನ ಹತ್ತಿರ ಇಲ್ಲ. ಅವನ ಕೈಗೆ ಏನು ಕೊಡುತ್ತೀರಿ? ಒಂದು ನಿಲುವು, ಒಂದು ತಡೆ, ಒಂದು ಗುದ್ದು. ಅಜಾತೊ ಅಂಗಳದ ಹತ್ತು ವರ್ಷ ಇಲ್ಲಿ ಎರಡು ಸಂಜೆಗೆ ಬಂದು ನಿಂತಿತ್ತು.

1943, ಅಕ್ಟೋಬರ್

ಅಲ್ಲಿಯವರೆಗೆ ವಿಶ್ವವಿದ್ಯಾಲಯದ ಹುಡುಗರಿಗೆ ಓದು ಮುಗಿಯುವ ತನಕ ಸೇನಾ ಭರ್ತಿಯಿಂದ ವಿನಾಯಿತಿ ಇತ್ತು. 1943ರ ಶರತ್ಕಾಲದಲ್ಲಿ ಕಲೆ, ಕಾನೂನು, ವಾಣಿಜ್ಯ ಓದುವವರ ಪಾಲಿಗೆ ಅದು ರದ್ದಾಯಿತು. ಅಕ್ಟೋಬರ್ 21ರಂದು ಟೋಕಿಯೋದ ಮೇಜಿ ಕ್ರೀಡಾಂಗಣದಲ್ಲಿ ಸುರಿಯುವ ಮಳೆಯಲ್ಲಿ ಸಾವಿರಾರು ವಿದ್ಯಾರ್ಥಿಗಳು ಸಮವಸ್ತ್ರದಲ್ಲಿ, ಹೆಗಲಿಗೆ ರೈಫಲ್ ಏರಿಸಿ ಕವಾಯತು ನಡೆದರು. ಪ್ರಧಾನಿ ತೋಜೊ ಭಾಷಣ ಮಾಡಿದರು.

ಕರಾಟೆಗೆ ಬಿದ್ದ ನಿಜವಾದ ಪೆಟ್ಟು ಇದು. ಜೂಡೋಗೆ ಶಾಲೆಗಳಿದ್ದವು, ಪೊಲೀಸ್ ಇಲಾಖೆ ಇತ್ತು, ಊರೂರಿಗೆ ಡೋಜೊ ಇತ್ತು. ಫುನಕೋಶಿಯ ಕರಾಟೆಗೆ ಇದ್ದದ್ದು ಕಾಲೇಜು ಕ್ಲಬ್ಬುಗಳು ಮತ್ತು ಜೋಶಿಗಾಯಾದ ಆ ಒಂದು ಮನೆ. ಕ್ಲಬ್ಬುಗಳ ಎರಡನೇ, ಮೂರನೇ ವರ್ಷದವರು ಒಟ್ಟಿಗೆ ಎದ್ದು ಹೋದರು. ಹಳೆಯ ವಿದ್ಯಾರ್ಥಿಗಳು ಆಗಲೇ ಹೋಗಿದ್ದರು. "ಸೆನ್ಸೆ, ನನಗೆ ಕರೆ ಬಂದಿದೆ, ಹೊರಡುತ್ತೇನೆ" ಎಂದು ಹೇಳಿ ಹೋಗಲು ಹುಡುಗರು ಒಬ್ಬರಾದ ಮೇಲೆ ಒಬ್ಬರು ತಮ್ಮ ಬಳಿ ಬರುತ್ತಿದ್ದುದನ್ನು ಫುನಕೋಶಿ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಆಮೇಲೆ ಸಾವಿನ ಸುದ್ದಿಗಳು ಬರತೊಡಗಿದವು. ಡೋಜೊದಲ್ಲಿ ಸದ್ದು ಕಡಿಮೆಯಾಯಿತು.

ಹೀಗೆ ಉಳಿದವರು ಯಾರು? ಒಂದು ತುದಿಯಲ್ಲಿ 75 ದಾಟಿದ ಗುರು, ಕಾಯಿಲೆಯ ಮಗ, ಗೆನ್‌ಶಿನ್ ಹಿರೊನಿಶಿಯಂಥ ಬೆರಳೆಣಿಕೆಯ ಹಿರಿಯರು. ಇನ್ನೊಂದು ತುದಿಯಲ್ಲಿ ಮೀಸೆ ಚಿಗುರದ ಮಕ್ಕಳು. ಹಿದೆತಾಕಾ ನಿಶಿಯಾಮಾ ಸೇರಿದ್ದು 1943ರಲ್ಲಿ, ವಯಸ್ಸು ಹದಿನೈದರ ಆಸುಪಾಸು. ತೈಜಿ ಕಾಸೆ 1944ರಲ್ಲಿ. ಜೂಡೋ ಮನೆತನದ ಹುಡುಗ. ಪುಸ್ತಕದ ಅಂಗಡಿಯಲ್ಲಿ ಫುನಕೋಶಿಯ ಕರಾಟೆ ಪುಸ್ತಕ ಕಣ್ಣಿಗೆ ಬಿದ್ದು, ಆ ವಿಚಿತ್ರ ನಿಲುವುಗಳ ಚಿತ್ರ ನೋಡಿ, ವಿಳಾಸ ಹುಡುಕಿಕೊಂಡು ಡೋಜೊಗೆ ಬಂದ. ದೊಡ್ಡವರ ನಡುವೆ ಒಬ್ಬ 15 ವರ್ಷದ ಪೋರ. ಮಾಮೂಲು ದಿನಗಳಲ್ಲಾಗಿದ್ದರೆ ಅವನನ್ನು ತಿದ್ದುವವರು ಅವನಿಗಿಂತ ನಾಲ್ಕೈದು ವರ್ಷ ದೊಡ್ಡವರು. ಈಗ ನೇರವಾಗಿ ಗಿಗೊ, ಹಿರೊನಿಶಿ. ಅದು ಅವನ ಭಾಗ್ಯ. ಆದರೆ ವರ್ಷ ತುಂಬುವುದರೊಳಗೆ ಅವನೂ ನೌಕಾಪಡೆಗೆ ಹೋದ, ಮರಳಿ ಬಾರದ ಆತ್ಮಾಹುತಿ ದಳಕ್ಕೆ ಹೆಸರು ಕೊಟ್ಟ. ಅವನ ಸರದಿ ಬರುವ ಮೊದಲೇ ಯುದ್ಧ ಮುಗಿಯಿತು. ಆ ಹುಡುಗ ಮುಂದೆ ಯುರೋಪಿನ ದೊಡ್ಡ ಕರಾಟೆ ಗುರುಗಳಲ್ಲಿ ಒಬ್ಬನಾಗಿ, 2004ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ.

ನಮ್ಮಲ್ಲಿ ತಾಯಿತಂದೆ ಬಂದು "ಇವನ ಬ್ಲ್ಯಾಕ್ ಬೆಲ್ಟ್ ಯಾವಾಗ ಸಾರ್?" ಎಂದು ಕೇಳಿದಾಗ ನನಗೆ ಈ ಹುಡುಗ ನೆನಪಾಗುತ್ತಾನೆ. ಮುಂದಿನ ವರ್ಷ ಬದುಕಿರುತ್ತೇನೋ ಇಲ್ಲವೋ ಎಂದು ಗೊತ್ತಿಲ್ಲದವನು ದಿನವೂ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದ.

1945

ಆ ವರ್ಷದ ವಾಯುದಾಳಿಯಲ್ಲಿ ಶೊಟೋಕಾನ್ ಸುಟ್ಟು ಬೂದಿಯಾಯಿತು. ಮರದ ಕಟ್ಟಡ, ಸುತ್ತ ಮರದ ಮನೆಗಳು, ಮೇಲಿನಿಂದ ಬೆಂಕಿ ಬಾಂಬು. ಗುರು ಬದುಕಿದ್ದಾಗ ಎದ್ದ ಕಟ್ಟಡ ಗುರು ಬದುಕಿದ್ದಾಗಲೇ ಹೋಯಿತು. ಗಿಗೊ ಅದೇ ವರ್ಷದ ಕೊನೆಗೆ, 39ರ ವಯಸ್ಸಿನಲ್ಲಿ ತೀರಿಕೊಂಡರು. ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ 1943ರಲ್ಲೇ ಅಮೆರಿಕದ ಪ್ರಯೋಗಾಲಯದಲ್ಲಿ ಪತ್ತೆಯಾಗಿತ್ತು. ಶತ್ರು ದೇಶದ ಮದ್ದು, ಟೋಕಿಯೋಗೆ ಬರುವ ದಾರಿ ಇರಲಿಲ್ಲ.

ತವರಿನ ಸ್ಥಿತಿ ಇನ್ನೂ ಘೋರ. ಏಪ್ರಿಲ್‌ನಿಂದ ಜೂನ್‌ವರೆಗೆ ಒಕಿನಾವಾ ರಣರಂಗವಾಯಿತು. ಸೈನ್ಯದ ಕೇಂದ್ರ ಶುರಿ ಕೋಟೆಯ ಅಡಿಯಲ್ಲೇ ಇದ್ದುದರಿಂದ ಕೋಟೆ ನೆಲಸಮವಾಯಿತು. ಒಕಿನಾವಾದ ಇನ್ನೊಬ್ಬ ಕರಾಟೆ ಗುರು ಚೋಜುನ್ ಮಿಯಾಗಿ ತಮ್ಮ ನಂತರ ಇವನೇ ಎಂದು ನೆಚ್ಚಿಕೊಂಡಿದ್ದ ಶಿಷ್ಯ ಜಿನ್‌ಆನ್ ಶಿಂಜಾತೊ ಅಲ್ಲಿ ಸತ್ತರು. ಹಿರಿಯ ಗುರು ಚೋತೊಕು ಕ್ಯಾನ್ ಯುದ್ಧ ಮುಗಿದ ಮೇಲೆ ನಿರಾಶ್ರಿತರ ಶಿಬಿರದಲ್ಲಿ ನಿತ್ರಾಣರಾಗಿ ತೀರಿಕೊಂಡರು. ಟೋಕಿಯೋದಲ್ಲಿ ಕಲಿತವನು ಅನುಮಾನ ಬಂದರೆ ಮೂಲಕ್ಕೆ ಹೋಗಿ ಕೇಳೋಣ ಎಂದರೆ ಮೂಲವೇ ಹೀಗಾಗಿತ್ತು.

ಫುನಕೋಶಿಯ ಹೆಂಡತಿ ಒಕಿನಾವಾದಿಂದ ಜೀವ ಉಳಿಸಿಕೊಂಡು ಕ್ಯೂಶೂ ದ್ವೀಪದ ಓಯಿತಾಕ್ಕೆ ಬಂದಿದ್ದರು. ಮನೆ, ಮಗ, ಡೋಜೊ ಎಲ್ಲ ಕಳೆದುಕೊಂಡ ಗುರು ಅಲ್ಲಿಗೆ ಹೋದರು. ಇಬ್ಬರೂ ತರಕಾರಿ ಬೆಳೆದು, ಸಮುದ್ರದ ದಂಡೆಯಲ್ಲಿ ಪಾಚಿ ಆಯ್ದು ಹೊಟ್ಟೆ ಹೊರೆದರು.

ಮರಳಿದವರು ತಂದ ಕರಾಟೆ

ಬೇರೆ ಬೇರೆ ಕಡೆ ಚದುರಿದವರು 1945ರ ನಂತರ ಒಬ್ಬೊಬ್ಬರಾಗಿ ಬಂದರು. ಅಮೆರಿಕದ ಆಡಳಿತ ಶಾಲೆಗಳಲ್ಲಿ ಸಮರ ಕಲೆಗಳನ್ನು ನಿಲ್ಲಿಸಿತ್ತು, 1946ರಲ್ಲಿ ಬುತೊಕುಕಾಯ್ ವಿಸರ್ಜನೆಯಾಗಿತ್ತು. ಕರಾಟೆ ಚಿಕ್ಕದಾಗಿದ್ದದ್ದೇ ಅದಕ್ಕೆ ರಕ್ಷೆಯಾಯಿತು. ಕೆಂಡೋ, ಜೂಡೋಗೆ ಬಿದ್ದಷ್ಟು ಬಿಗಿ ಅದಕ್ಕೆ ಬೀಳಲಿಲ್ಲ.

ಮಸತೋಶಿ ನಾಕಾಯಾಮಾ ತಾಕುಶೋಕು ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿ. 1937ರಲ್ಲಿ ಚೀನಾಕ್ಕೆ ಹೋದವರು ಮರಳಿದ್ದು 1946ರಲ್ಲಿ. ಒಂಬತ್ತು ವರ್ಷ ಅವರು ಗಿಗೊ ಕೈಕೆಳಗೆ ಇರಲಿಲ್ಲ. ಶಿಗೆರು ಎಗಾಮಿ ವಾಸೆದಾದವರು, ಹಿರೊನಿಶಿಯ ಜೊತೆ ಆ ವರ್ಷಗಳಲ್ಲಿ ಗಿಗೊಗೆ ಹತ್ತಿರವಿದ್ದವರು. 1949ರಲ್ಲಿ ಜಪಾನ್ ಕರಾಟೆ ಸಂಘ ಕಟ್ಟಿದಾಗ ನಾಕಾಯಾಮಾ ಮುಖ್ಯ ಶಿಕ್ಷಕರಾದರು. ಎಗಾಮಿ, ಹಿರೊನಿಶಿ ಫುನಕೋಶಿ ಶಿಷ್ಯರ ಇನ್ನೊಂದು ಬಳಗವಾದ ಶೊಟೋಕಾಯ್ ಕಡೆ ಉಳಿದರು. 1957ರ ಏಪ್ರಿಲ್‌ನಲ್ಲಿ ಫುನಕೋಶಿ ತೀರಿಕೊಂಡಾಗ ಒಡಕು ಬೀದಿಗೆ ಬಂತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸಂಘ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆಸಿತು.

ಈ ಒಡಕನ್ನು ಪಂದ್ಯ ಬೇಕೇ ಬೇಡವೇ, ಹಣ ಯಾರಿಗೆ, ಹೆಸರು ಯಾರದು ಎಂಬ ಜಗಳವಾಗಿ ಹೇಳುವುದು ವಾಡಿಕೆ. ಅದೆಲ್ಲ ಇತ್ತು. ಆದರೆ ಅದರ ಬೇರು ಯುದ್ಧದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಯಾರು ಯಾವ ವರ್ಷ ಡೋಜೊ ಬಿಟ್ಟರೋ ಆ ವರ್ಷದ ಕರಾಟೆಯನ್ನು ಹೊತ್ತು ಹೋದರು, ಮರಳಿ ಬಂದಾಗ ತಾವು ಹೊತ್ತದ್ದೇ ಗುರುವಿನ ಕರಾಟೆ ಎಂದು ನಂಬಿದರು. ಎಲ್ಲರೂ ನಿಜವನ್ನೇ ಹೇಳುತ್ತಿದ್ದರು. ಇದಕ್ಕೆ ಸಾಕ್ಷಿ ಬೇಕಿದ್ದರೆ ತೆನ್ ನೊ ಕಟಾ ನೋಡಿ. 1943ರ ಪುಸ್ತಕದಲ್ಲಿ ಅಷ್ಟು ಮುಖ್ಯವಾಗಿದ್ದ ಆ ಪಾಠ ಶೊಟೋಕಾಯ್ ಡೋಜೊಗಳಲ್ಲಿ ಇಂದಿಗೂ ಇದೆ. ನಾಕಾಯಾಮಾ ಪರಂಪರೆಯ ಮಾಮೂಲು ಪಠ್ಯಕ್ರಮದಲ್ಲಿ ಇಲ್ಲ. ಕರ್ನಾಟಕದಲ್ಲಿ ಶೊಟೋಕಾನ್ ಕಲಿಯುವ ನಾವು ಹೆಚ್ಚಿನವರು ಈ ಎರಡನೇ ಹೊಳೆಯ ನೀರು ಕುಡಿದವರು. ತೆನ್ ನೊ ಕಟಾ ಹೆಸರೇ ಕೇಳದ ಬ್ಲ್ಯಾಕ್ ಬೆಲ್ಟ್‌ಗಳು ನಮ್ಮಲ್ಲಿ ಸಾಕಷ್ಟು ಇದ್ದಾರೆ. ಯುದ್ಧವಿಲ್ಲದೆ ನಡುವಿನ ಸಾಲು ಇದ್ದಿದ್ದರೆ, ಈ ಎರಡು ಕರಾಟೆಗಳು ದಿನವೂ ಒಂದೇ ನೆಲದ ಮೇಲೆ ಎದುರಾಗಿ, ತಿಕ್ಕಾಡಿ, ಒಂದಾಗುತ್ತಿದ್ದವು.

ಎಗಾಮಿಯ ಇನ್ನೊಂದು ವಿಷಯ ನನ್ನನ್ನು ಬಿಡುವುದಿಲ್ಲ. ಯುದ್ಧದ ನಂತರ ಅವರು ನಾನಾ ಬಗೆಯ ಜನರಿಂದ ತಮ್ಮ ಹೊಟ್ಟೆಗೆ ಗುದ್ದಿಸಿಕೊಂಡು ಪರೀಕ್ಷೆ ಮಾಡಿದರು. ಬಾಕ್ಸರುಗಳ ಗುದ್ದು ಒಳಗೆ ಇಳಿಯುತ್ತಿತ್ತು. ಎಂದೂ ಏನೂ ಕಲಿಯದವರ ಗುದ್ದೂ ಪರವಾಗಿಲ್ಲ. ಕರಾಟೆ ಕಲಿತವರದೇ ಎಲ್ಲಕ್ಕಿಂತ ಸಪ್ಪೆ ಎಂದು ಕಂಡುಕೊಂಡರು, ಭುಜ ಬಿಗಿದು ಹೊಡೆಯುವುದೇ ಕಾರಣ ಎಂದು ತಾವು ಕಲಿತದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದರು. ಕಪ್ಪು ಪಟ್ಟಿ ಕಟ್ಟಿ ದಶಕ ಕಳೆದವನು ತನ್ನ ಮೊದಲ ಗುದ್ದನ್ನು ಅನುಮಾನಿಸುವುದು ಸಣ್ಣ ಧೈರ್ಯವಲ್ಲ. ಭುಜದ ಬಿಗಿ ಹೋಗಲು ವರ್ಷಗಳು ಬೇಕು, ಹಿಂದೆ ನಿಂತು "ಸಡಿಲ ಬಿಡು" ಎಂದು ಹೆಗಲು ತಟ್ಟುವ ಒಬ್ಬ ಹಿರಿಯ ಬೇಕು. ಆ ಕಾಲದಲ್ಲಿ ಎರಡಕ್ಕೂ ಬರ. ಎರಡು ಸಂಜೆಯಲ್ಲಿ ಬರುವುದು ಗುದ್ದಿನ ಆಕಾರ ಅಷ್ಟೇ.

ದರ್ಜೆಯ ಬಗ್ಗೆಯೂ ಒಂದು ಮಾತು. ಫುನಕೋಶಿ ಬದುಕಿದ್ದಾಗ ಕೊಟ್ಟ ಅತಿ ದೊಡ್ಡ ದರ್ಜೆ ಐದನೇ ದಾನ್. ಮೇಲಿನ ಅಂಕಿಗಳೆಲ್ಲ ಆಮೇಲೆ ಬಂದವು. ಯುದ್ಧ ಮುಗಿದಾಗ ಡೋಜೊ ಇಲ್ಲ, ಗುರು ಓಯಿತಾದಲ್ಲಿ, ಯಾರ ದರ್ಜೆ ಎಷ್ಟೆಂದು ಹೇಳಲು ಉಳಿದದ್ದು ಜೊತೆಗೆ ಬೆವರು ಸುರಿಸಿದವರ ನೆನಪು. ಕೊರೊನಾ ಲಾಕ್‌ಡೌನಿನಲ್ಲಿ ನಾವು ಮೊಬೈಲಿನಲ್ಲಿ ವಿಡಿಯೋ ತರಿಸಿಕೊಂಡು ಬೆಲ್ಟ್ ಪರೀಕ್ಷೆ ಮಾಡಿದೆವು. ಆಮೇಲೆ ಮಕ್ಕಳು ಮರಳಿ ನೆಲದ ಮೇಲೆ ನಿಂತಾಗ ಎಷ್ಟೋ ಹಿಮ್ಮಡಿಗಳು ಎದ್ದಿದ್ದವು. ಪಕ್ಕದಲ್ಲಿ ದೊಡ್ಡ ಹುಡುಗ ನಿಂತಿದ್ದರೆ ಅವು ಏಳುತ್ತಿರಲಿಲ್ಲ. ಎರಡು ವರ್ಷಕ್ಕೇ ಹೀಗೆ.

ಫುನಕೋಶಿಯ ಹೆಂಡತಿ 1947ರ ಶರತ್ಕಾಲದಲ್ಲಿ ಓಯಿತಾದಲ್ಲಿ ತೀರಿಕೊಂಡರು. ಎಂಬತ್ತರ ಹೊಸ್ತಿಲಲ್ಲಿದ್ದ ಗುರು ಅವರ ಚಿತಾಭಸ್ಮ ಹಿಡಿದು ಟೋಕಿಯೋಗೆ ರೈಲು ಹತ್ತಿದರು. ಸುದ್ದಿ ಅವರಿಗಿಂತ ಮುಂದೆ ಹೋಗಿತ್ತು. ದಾರಿಯ ಸ್ಟೇಷನ್ನುಗಳಲ್ಲಿ ರೈಲು ನಿಂತಾಗ, ಯುದ್ಧದಿಂದ ಉಳಿದು ಬಂದ ಹಳೆಯ ಶಿಷ್ಯರು ಪ್ಲಾಟ್‌ಫಾರಂ ಮೇಲೆ ಕಾದಿದ್ದರು, ಕಿಟಕಿಯ ಬಳಿ ಬಂದು ತಲೆಬಾಗಿದರು.